ಜಿಗಿಯುವ ಗೀಟು

೬ ಏಪ್ರಿಲ್ ೨೦೧೨, ಶುಕ್ರವಾರ. ಕುಷ್ಟಗಿ

ಇವತ್ತು ಒಂದು ಕೆಲಸ ಮಾಡಿ ಬಂದಿದ್ದೇನೆ. ಯಾರ ಮುಂದೂ ಹೇಳುವ ಹಾಗಿಲ್ಲ, ಹೇಳದೆ ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಸ್ವಭಾವವೂ ನನ್ನದಲ್ಲ. ಅದಕ್ಕೇ ಈ ಪುಸ್ತಕ. ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಕತ್ತರಿಸಿ ಉಳಿದ ಹಾಳೆಗಳನ್ನು ಮರ್ದಾನಸಾಬ ಕಾಕಾ ಹೊಲಿದು ಕೊಟ್ಟದ್ದು, ಎರಡು ವರ್ಷದಿಂದ ಖಾಲಿ ಬಿದ್ದಿತ್ತು.

ಹುಣ್ಣಿಮೆ ಅಂತ ಹುಲಿಗಿಗೆ ಹೋಗಿದ್ದೆ. ಅತ್ತೆಗೆ ಮೊಣಕಾಲು ನೋವು, ಹಾಗಾಗಿ ಒಬ್ಬಳೇ. ಗುಡಿಯಲ್ಲಿ ಅಮ್ಮನಿಗೆ ಕಾಯಿ ಒಡೆಸಿ ಬಸ್ಸಿನ ಕಡೆ ಬರುವಾಗ ಬಳೆ ಮಾರುವ ಇಮಾಮಬಾನು ನನ್ನ ಕೈ ಹಿಡಿದಳು. ಹಿಡಿದಳು ಅಂದರೆ ನಿಜವಾಗಿಯೇ ಹಿಡಿದಳು.

“ಹುಣ್ಣಿಮಿ ದಿನ ಬರಿಗೈಲೆ ಬಂದೀಯಲ್ಲವ್ವಾ! ಬಾ, ಕೂಡು ಇಲ್ಲೆ. ಎಷ್ಟು ಚಂದ ಅದಾವ ಕೈ, ಹಿಂಗ್ಯಾಕ ಬೋಳ ಇಟ್ಟೀ?”

‘ನನಗ ಗಂಡ ಇಲ್ರಿ’ ಅಂತ ಮೂರು ಶಬ್ದ ಹೇಳಿದ್ದರೆ ಮುಗಿಯುತ್ತಿತ್ತು. ಆರು ವರ್ಷದಿಂದ ಹೇಳಿ ಹೇಳಿ ಬಾಯಿಪಾಠ ಆಗಿರುವ ಮಾತು. ಇವತ್ತು ಅದು ಬಾಯಿಗೆ ಬರಲಿಲ್ಲ. ಅಷ್ಟರಲ್ಲಿ ಆಕೆ ಸೋಪಿನ ನೀರು ಹಚ್ಚಿ ಕೈಗೆ ಎರಡೆರಡು ಬಳೆ ಏರಿಸಿಯೇಬಿಟ್ಟಳು. ಒಂದು ಗ್ರಾಂ ಬಂಗಾರದವು, ಅಂದರೆ ಹಿತ್ತಾಳೆಗೆ ಬಂಗಾರದ ನೀರು ಕುಡಿಸಿದವು. “ಗಾಜಿನವು ನಿನಗ ಬ್ಯಾಡ. ಇವು ಏನ್ ಮಾಡಿದ್ರೂ ಒಡಿಯಂಗಿಲ್ಲ” ಅಂದಳು. ಆ ಮಾತಿಗೆ ನಾನು ಪೂರ್ತಿ ಸೋತೆ.

ಕುಷ್ಟಗಿ ಬರುವ ತನಕ ಬಸ್ಸಿನಲ್ಲಿ ಕೈ ಸೆರಗಿನೊಳಗೇ ಇತ್ತು. ಮನೆಗೆ ಬಂದು ಸೋಪು ಹಚ್ಚಿ ಎಳೆದೆ. ಬರಲಿಲ್ಲ. ಒಂದೇ ಸಲ ಎಳೆದೆ ಅನ್ನುವುದನ್ನೂ ಬರೆದಿಡುತ್ತೇನೆ, ಸುಳ್ಳು ಬರೆಯುವುದಾದರೆ ಪುಸ್ತಕ ಯಾಕೆ ಬೇಕು?

ಅತ್ತೆ ರೊಟ್ಟಿ ನೀಡುವಾಗ ನೋಡಿದರು. “ಪುಂಡಿಪಲ್ಯ ಹಾಕ್ಕೋ” ಅಂದರು. ಅಷ್ಟೇ. ನಮ್ಮತ್ತೆ ಕಳಕಮ್ಮ ಅಂದರೆ ಇಡೀ ಓಣಿ ಹೆದರುವ ಬಾಯಿ. ಆ ಬಾಯಿ ಸುಮ್ಮನಿದ್ದರೆ ನನಗೆ ಇನ್ನೂ ಹೆದರಿಕೆ.

೯ ಏಪ್ರಿಲ್, ಸೋಮವಾರ

ಶನಿವಾರ ರಜೆ ಹಾಕಿದ್ದೆ. ಇವತ್ತು ಪ್ರೆಸ್ಸಿನಲ್ಲಿ ಲ್ಯಾಪ್‌ಟಾಪಿಗೆ ಹುಚ್ಚು ಹಿಡಿಯಿತು.

ಬಸ್ ಸ್ಟ್ಯಾಂಡ್ ಹಿಂದಿನ ನಮ್ಮ ಪ್ರೆಸ್ಸಿನಲ್ಲಿ ಮೂರೇ ಜನ. ಟೈಪು ಮಾಡುವವಳು ನಾನು, ಮಷೀನು ಓಡಿಸುವವರು ಮರ್ದಾನಸಾಬ ಕಾಕಾ, ಇಬ್ಬರ ಮೇಲೂ ಕೂಗಾಡುವವರು ಮಾಲಕರು ವಿರುಪಣ್ಣನವರು. ಮೊದಲಿದ್ದ ದೊಡ್ಡ ಕಂಪ್ಯೂಟರು ಕರೆಂಟು ಹೋಗಿ ಬಂದು ಹೋಗಿ ಬಂದು ದೀಪಾವಳಿ ಹೊತ್ತಿಗೆ ಸುಟ್ಟುಹೋಯಿತು. ಆಗ ಮಾಲಕರು ಈ ಹಳೆಯ ಲ್ಯಾಪ್‌ಟಾಪು ತಂದರು. ಕರೆಂಟು ಇಲ್ಲದಿದ್ದರೂ ಎರಡು ತಾಸು ನಡೆಯುತ್ತದೆ. ಮೌಸು ಬೇರೆ ಚುಚ್ಚಿಕೊಂಡಿದ್ದೇನೆ. ಐದು ತಿಂಗಳು ಒಂದು ದಿನವೂ ಕಿರಿಕಿರಿ ಮಾಡಿರಲಿಲ್ಲ.

ಇವತ್ತು ಯಲಬುರ್ಗಾದವರ ಕಾರ್ಡು ಹೊಡೆಯುತ್ತಿದ್ದೆ. ಪರದೆಯ ಮೇಲೆ ಮಿಣಮಿಣ ಅನ್ನುತ್ತದಲ್ಲ, ಕರ್ಸರು, ಮಾಲಕರು ಅದಕ್ಕೆ ಗೀಟು ಅನ್ನುತ್ತಾರೆ, ಆ ಗೀಟು ಇದ್ದಲ್ಲಿಂದ ಟಣ್ ಅಂತ ಜಿಗಿದು ಬೇರೆ ಸಾಲಿಗೆ ಹೋಗಿ ಕೂತಿತು. ನಾನು ‘ಚಿಕ್ಕಪ್ಪಂದಿರು’ ಅಂತ ಹೊಡೆದರೆ ಅರ್ಧ ಇಲ್ಲಿ, ಅರ್ಧ ಮುಹೂರ್ತದ ನಡುವೆ. ಅಳಿಸಿದೆ, ಮತ್ತೆ ಹೊಡೆದೆ. ಮತ್ತೆ ಜಿಗಿಯಿತು. ದಿನಪೂರ್ತಿ ಇಪ್ಪತ್ತು ಸಲ ಆಗಿರಬೇಕು. ಲಗ್ನದ ಸೀಜನ್ನಿನಲ್ಲೇ ಇದಕ್ಕೆ ಈ ಆಟ ಬೇಕಿತ್ತೆ?

ಬಳೆ ಕಾಕಾನ ಕಣ್ಣಿಗೆ ಬಿದ್ದವು. “ಛಲೋ ಕಾಣ್ತಾವ ಬೇಟಿ” ಅಂದು ಮಷೀನಿಗೆ ಶಾಯಿ ಹಾಕಲು ಹೋದರು. ತೆಗೆಯಲು ಬರುತ್ತಿಲ್ಲ, ಸಿಕ್ಕಿಹಾಕಿಕೊಂಡಿವೆ ಅಂತ ನಾನು ಕಾಲು ತಾಸು ವಿವರಣೆ ಕೊಟ್ಟೆ. ಅವರು ಕೇಳಿಯೇ ಇರಲಿಲ್ಲ.

೧೧ ಏಪ್ರಿಲ್, ಬುಧವಾರ

ಮೌಸಿನದೇ ತಪ್ಪು ಅಂತ ಮಾಲಕರು ತೀರ್ಪು ಕೊಟ್ಟರು. ಹೊಸ ಮೌಸು ಬಂತು. ಗೀಟು ಜಿಗಿಯುವುದು ನಿಲ್ಲಲಿಲ್ಲ.

ಕೀಲಿಮಣೆಯಲ್ಲಿ ಧೂಳು ಅಂದರು. ಬಣ್ಣ ಬಳಿಯುವ ಬ್ರಷ್ಷು ತಂದು ಒಂದೊಂದು ಕೀಲಿಯ ಸಂದಿನಲ್ಲೂ ಆಡಿಸಿದೆ. ಎರಡು ಎಳ್ಳು, ಒಂದು ಅವಲಕ್ಕಿ, ಮಾಲಕರ ಅಡಿಕೆ ಚೂರು ಹೊರಬಂದವು. ಗೀಟು ಜಿಗಿಯಿತು.

ಕಾಕಾ ನಿಂಬೆಹಣ್ಣು ಇಳಿಸಿ ಹೊರಗೆ ಎಸೆದರು. “ದೃಷ್ಟಿ ಆಗೇತಿ. ಸೀಜನ್ನಿನ್ಯಾಗ ಎಲ್ಲಾರ ಕಣ್ಣೂ ನಮ್ಮ ಮ್ಯಾಲ.” ಗೀಟು ಆ ನಿಂಬೆಹಣ್ಣಿಗೂ ಮರ್ಯಾದೆ ಕೊಡಲಿಲ್ಲ.

ಕೊನೆಗೆ ಮಾಲಕರೇ ಕುರ್ಚಿಯಲ್ಲಿ ಕೂತು ಒಂದೇ ಬೆರಳಿನಿಂದ ತಮ್ಮ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು ಹೊಡೆದರು. ಗೀಟು ಅಲುಗಾಡಲಿಲ್ಲ, ಹೊಸ ಮಾಸ್ತರ ಬಂದ ದಿನದ ಸಾಲಿ ಹುಡುಗನ ಹಾಗೆ ಕೈಕಟ್ಟಿ ನಿಂತಿತ್ತು.

“ನೋಡಿದೇನು? ನನಗ ಬರೋಬ್ಬರಿ ನಡದೈತಿ. ಇದು ನಿನ್ನ ಕೈಗುಣ ಯಮನವ್ವ” ಅಂದು ನಕ್ಕರು.

ಅವರು ಏನೂ ಮನಸ್ಸಿನಲ್ಲಿಟ್ಟು ಅನ್ನಲಿಲ್ಲ, ನನಗೆ ಗೊತ್ತು. ಆದರೆ ನನ್ನ ಗಂಡ ಶರಣಪ್ಪ ಕಾಮಾಲೆಯಾಗಿ ಹೋದಾಗ ಇದೇ ಮಾತನ್ನು ಮನಸ್ಸಿನಲ್ಲಿಟ್ಟೇ ಅಂದವರಿದ್ದರು. ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ. ಮನೆಗೆ ಬಂದು ಅದೇ ಬುತ್ತಿ ತಿಂದೆ, ಮುನಿಸಿಗೆ ಊಟ ಯಾಕೆ ಹಾಳು ಮಾಡಬೇಕು.

೧೪ ಏಪ್ರಿಲ್, ಶನಿವಾರ

ಕೊಪ್ಪಳದಿಂದ ರಿಪೇರಿಯವ ಬಂದಿದ್ದ. ಗವಿಸಿದ್ದೇಶ ಅಂತ ಹೆಸರು. ನನ್ನ ವಯಸ್ಸಿನವನೇ ಇರಬೇಕು, ಬೆನ್ನಿಗೊಂದು ಚೀಲ, ಮಾತು ಕಡಿಮೆ. ಬಂದವನೇ ಡಾಕ್ಟರ ಹಾಗೆ ವಿಚಾರಣೆ ಮಾಡಿದ.

“ಯಾವಾಗಿಂದ ಹಿಂಗ ಆಗಾಕತ್ತೈತ್ರಿ?”

“ಸೋಮವಾರದಿಂದ್ರಿ.”

“ಸೋಮವಾರಕ್ಕಿಂತ ಮೊದಲ ಏನರ ಹೊಸಾದು ಹಾಕೀರೇನು?”

“ಏನೂ ಹಾಕಿಲ್ರಿ.”

ವೈರಸ್ಸು ಇರಬೇಕು ಅಂತ ಎಲ್ಲ ಅಳಿಸಿ ಹೊಸದಾಗಿ ಹಾಕಿದ. ಫಾರ್ಮ್ಯಾಟು ಅನ್ನುತ್ತಾರೆ. ಅದು ಮುಗಿಯುವುದಕ್ಕೆ ನಾಲ್ಕು ತಾಸು ಬೇಕಾಯಿತು, ನಡುವೆ ಎರಡು ಸಲ ಚಹಾ. ಅಕ್ಷರಗಳೆಲ್ಲ ಹೋಗಿ ಮತ್ತೆ ಬಂದವು. ಹಳೆಯ ಕಾರ್ಡುಗಳನ್ನು ಅವನು ಮೊದಲೇ ಎತ್ತಿಟ್ಟಿದ್ದ, ಪುಣ್ಯಾತ್ಮ. ಹೋಗುವಾಗ, “ಇಷ್ಟು ಫಾಸ್ಟ ಟೈಪ ಮಾಡೋರನ್ನ ನಾ ಕೊಪ್ಪಳದಾಗೂ ನೋಡಿಲ್ರಿ” ಅಂದ. ಗಿರಾಕಿಯನ್ನು ಹೊಗಳಿದರೆ ಮತ್ತೆ ಕರೆಯುತ್ತಾರೆ ಅಂತ ಇರಬೇಕು.

ಅತ್ತೆ ಇವತ್ತೂ ನನ್ನ ಕೈ ನೋಡಿದರು. ಅಕ್ಕಿ ಆರಿಸುತ್ತಾ ಒಮ್ಮೆ, ದೀಪ ಹಚ್ಚುವಾಗ ಒಮ್ಮೆ. ಹೀಗೆ ನೋಡಿ ನೋಡಿ ಕೊಲ್ಲುವ ಬದಲು ಒಂದು ಸಲ ಬಾಯಿತುಂಬ ಬೈದು ಬಿಡಬಾರದೆ.

೧೬ ಏಪ್ರಿಲ್, ಸೋಮವಾರ

ವಾಸಿಯಾಯಿತು! ಇಡೀ ದಿನ ಗೀಟು ಒಮ್ಮೆಯೂ ಜಿಗಿಯಲಿಲ್ಲ. ಫಾರ್ಮ್ಯಾಟು ಅಂದರೆ ಫಾರ್ಮ್ಯಾಟು.

ಇವತ್ತು ಕಾರ್ಡು ಆರಿಸಲು ಹೆಂಗಸರ ದಂಡೇ ಬಂದಿತ್ತು, ಅದರಲ್ಲಿ ನಮ್ಮ ಓಣಿಯವರೂ ಇಬ್ಬರು. ಅವರ ಕಣ್ಣಿಗೆ ಯಾಕೆ ಬೀಳಬೇಕು ಅಂತ ಬೆಳಿಗ್ಗೆಯೇ ಬಳೆಗಳನ್ನು ಮೊಣಕೈ ಕಡೆಗೆ ಸರಿಸಿ, ಮೇಲೆ ಕರವಸ್ತ್ರ ಕಟ್ಟಿಕೊಂಡಿದ್ದೆ. ಕೈ ಉಳುಕಿದೆ ಅಂದೆ. ಎರಡೂ ಕೈ ಹೆಂಗ ಉಳುಕಿದವು ಅಂತ ಒಬ್ಬಾಕೆ ಕೇಳಿದಳು. ಬಚ್ಚಲಲ್ಲಿ ಬಿದ್ದೆ ಅಂದೆ. ಇನ್ನು ನಾಳೆ ಬಚ್ಚಲು ತೋರಿಸು ಅಂತ ಬಂದರೂ ಬಂದಾರು.

ರಕ್ತ ಕಟ್ಟಿದ ಹಾಗಾಗಿ ಸಂಜೆ ಕರವಸ್ತ್ರ ಬಿಚ್ಚಿದೆ. ಬಳೆ ಝಲ್ ಅಂತ ಮಣಿಕಟ್ಟಿಗೆ ಇಳಿದವು. ಎಷ್ಟೋ ಹಾಯೆನಿಸಿತು.

೧೭ ಏಪ್ರಿಲ್, ಮಂಗಳವಾರ

ಮತ್ತೆ ಶುರು. ಕರವಸ್ತ್ರದ ನಾಟಕ ಇವತ್ತು ಬೇಡ ಅಂತ ಬಿಟ್ಟು, ಹುರುಪಿನಿಂದ ಕೂತಿದ್ದೆ. ಹತ್ತು ನಿಮಿಷಕ್ಕೆ ಗೀಟು ಟಣ್.

ಕಾರಟಗಿಯ ಅಕ್ಕಿ ಗಿರಣಿಯವರ ಮನೆಯ ಲಗ್ನ, ಅರ್ಜೆಂಟು. ಹೆಸರುಗಳೇ ನೂರಾ ಹದಿನಾಲ್ಕು. ಸೋದರಮಾವ, ಸೋದರತ್ತೆ, ಕಾಕಾ, ದೊಡ್ಡಪ್ಪ, ಯಾರನ್ನು ಯಾರ ಮೇಲೆ ಹಾಕಬೇಕು ಅಂತ ಅವರವರಲ್ಲೇ ಜಗಳ. ಜಿಗಿದದ್ದು ಕಂಡಾಗಲೆಲ್ಲ ತಿದ್ದಿದೆ. ಕರೆಂಟು ಹೋಯಿತು, ಬ್ಯಾಟರಿ ಮುಗಿಯುವುದರೊಳಗೆ ಮುಗಿಸು ಅಂತ ಮಾಲಕರು ತಲೆಯ ಮೇಲೆ ನಿಂತಿದ್ದರು. ಕನ್ಯಾದ ಕಡೆಯವರು ಒಂಬತ್ತು ಜನ ಬಂದು ಪ್ರೂಫು ನೋಡಿ “ಬರೋಬ್ಬರಿ ಐತಿ” ಅಂದರು. ಅಚ್ಚಿಗೆ ಹೋಯಿತು.

೨೧ ಏಪ್ರಿಲ್, ಶನಿವಾರ

ಹೆದರಿಕೆಯೂ ಆಗುತ್ತಿದೆ. ನಗುವೂ ಬರುತ್ತಿದೆ. ಯಾವುದು ಮೊದಲು ಬರೆಯಲಿ?

ಹನ್ನೊಂದು ಗಂಟೆಗೆ ಒಬ್ಬ ಗಟ್ಟಿಮುಟ್ಟಾದ ಮನುಷ್ಯ, ಹೆಗಲ ಮೇಲೆ ಟವೆಲ್ಲು, ಕಾರಟಗಿಯವರ ಕಾರ್ಡು ಹಿಡಿದುಕೊಂಡು ಒಳಗೆ ಬಂದ.

“ಇಲ್ಲಿ ಟೈಪ ಮಾಡಾಕಿ ಯಾರ್ರಿ?”

“ನಾನ್ರಿ.”

“ಅವ್ವಾ, ನನ್ನ ಹೆಸರು ಹೊನ್ನೂರಪ್ಪ. ಕನ್ಯಾದ ಸೋದರಮಾವ. ನನಗ ಮದಿವ್ಯಾಗಿ ಹತ್ತೊಂಬತ್ತು ವರ್ಷ ಆತು, ಮೂರು ಮಕ್ಕಳದಾವ. ನಮ್ಮಕ್ಕನ ಮಗಳನ್ನ ನನಗ ಯಾಕವ್ವಾ ಗಂಟ ಹಾಕಿದಿ?”

ಕಾರ್ಡು ನೋಡಿದೆ. ಚಿ. ರಾ. ಅಂತ ಇದ್ದಲ್ಲಿ ವರನ ಹೆಸರೇ ಇಲ್ಲ. ಅದರ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಹೊನ್ನೂರಪ್ಪ. ನಾನು ಕೆಳಗೆ ಸೋದರಮಾವನ ಹೆಸರು ಹೊಡೆಯುವಾಗ ಗೀಟು ಜಿಗಿದು, ವರನ ಹೆಸರು ಹಿಡಿದುಕೊಂಡು, ಅದರ ಮೇಲೆಯೇ ಈ ಹೆಸರು ಕೂಡಿಸಿದೆ. ನನ್ನ ಕಣ್ಣಿಗೆ ಬಿದ್ದಿಲ್ಲ. ಪ್ರೂಫು ನೋಡಿದ ಒಂಬತ್ತೂ ಜನ ತಮ್ಮ ತಮ್ಮ ಹೆಸರು ಇದೆಯೋ ಇಲ್ಲವೋ ಅಷ್ಟನ್ನೇ ನೋಡಿಕೊಂಡು ಹೋಗಿದ್ದಾರೆ! ಐನೂರು ಕಾರ್ಡಿನಲ್ಲಿ ಅರ್ಧ ಹಂಚಿಯೂ ಆಗಿದೆ. ನಮ್ಮ ಕಡೆ ಸೋದರಮಾವನಿಗೆ ಹೆಣ್ಣು ಕೊಡುವುದು ದಿನಾ ನಡೆಯುವ ಸಂಗತಿ, ಹಾಗಾಗಿ ಓದಿದ ಯಾರಿಗೂ ಇದು ಅಚ್ಚಿನ ತಪ್ಪು ಅನ್ನಿಸಿಲ್ಲ.

“ಹುಲಿಹೈದರದಾಗ ನನ್ನ ಹೇಣ್ತಿ ತವರುಮನಿ. ಅವರು ಕಾರ್ಡ ನೋಡಿ ಆಕಿಗೆ ಫೋನ ಮಾಡ್ಯಾರ, ನಿನ್ನ ಗಂಡ ಎರಡನೇದು ಮಾಡ್ಕೊಳ್ಳಾಕತ್ತಾನಂತ. ಮೊನ್ನಿಯಿಂದ ನನಗ ರೊಟ್ಟಿ ಬಂದ್. ಹೊರಗ ಕಟ್ಟಿ ಮ್ಯಾಲ ಮಲಗಾಕತ್ತೀನಿ.”

ಕಾಕಾ ಮಷೀನಿನ ಹಿಂದೆ ಬಗ್ಗಿ ಕೂತು ನಕ್ಕರು, ಬೆನ್ನು ಕುಣಿಯುವುದು ನನಗೆ ಕಾಣುತ್ತಿತ್ತು. ಹೊನ್ನೂರಪ್ಪನವರಿಗೂ ತಮ್ಮ ಮಾತು ಕೇಳಿ ತಮಗೇ ನಗು ಬಂತು. ಆದರೆ ವರನ ಕಡೆಯವರಿಗೆ ನಗು ಬಂದಿಲ್ಲವಂತೆ. ಅವಮಾನ ಆಯಿತು, ಹೊಸ ಕಾರ್ಡು ಬುಧವಾರ ಬೆಳಿಗ್ಗೆ ಮನೆ ಮುಟ್ಟದಿದ್ದರೆ ಮಾತೇ ಬೇರೆ ಅಂದಿದ್ದಾರೆ.

ಹೊನ್ನೂರಪ್ಪನವರು ಹೋದ ಮೇಲೆ ಮಾಲಕರು ಕೂಗಾಡಲಿಲ್ಲ. ಅದೇ ನನಗೆ ಹೆದರಿಕೆ ಆದದ್ದು.

“ಯಮನವ್ವ, ಎಂಟು ವರ್ಷದಾಗ ನಿನಗ ಒಂದು ಮಾತು ಅಂದಿಲ್ಲ. ಆದ್ರ ಇನ್ನೊಂದು ಹಿಂಗ ಆತಂದ್ರ ಟೈಪಿಂಗ್ ಎಲ್ಲಾ ಗಂಗಾವತಿಗೆ ಕೊಡ್ತೀನಿ. ಆಮ್ಯಾಲ ಈ ಕುರ್ಚಿಗೆ ಏನ ಕೆಲಸ ಇರತೈತಿ, ನೀನ ಹೇಳು.”

ಆ ಕುರ್ಚಿಯಿಂದಲೇ ನಮ್ಮ ಮನೆಯ ಒಲೆ ಹೊತ್ತುವುದು. ಆ ಕುರ್ಚಿ ಇರುವುದಕ್ಕೇ ತವರಿನವರು ಬಾ ಅಂದರೂ ಹೋಗದೆ, ಇಲ್ಲಿ ಯಾರ ಹಂಗೂ ಇಲ್ಲದೆ ನಾನೂ ಅತ್ತೆಯೂ ಇದ್ದೇವೆ. ಹೋದರೆ ಏನು ಮಾಡಬೇಕು ಅಂತ ಯೋಚಿಸಿದೆ. ತೋಚಲಿಲ್ಲ. ಅತ್ತೆಗೆ ಹೇಳಿಲ್ಲ.

೨೨ ಏಪ್ರಿಲ್, ಭಾನುವಾರ

ಏನೂ ಇಲ್ಲ. ಬಟ್ಟೆ ಒಗೆದೆ.

೨೩ ಏಪ್ರಿಲ್, ಸೋಮವಾರ

ಗವಿಸಿದ್ದೇಶ ಅವರು ಬೆಳಿಗ್ಗೆ ಒಂಬತ್ತಕ್ಕೇ ಬಂದರು. ಮೊದಲು ತಾವೇ ಎರಡು ಪುಟ ಹೊಡೆದರು. ಗೀಟು ಜಿಗಿಯಲಿಲ್ಲ. ಮಾಲಕರು ನನ್ನ ಕಡೆ ನೋಡಿದರು. ನನಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು.

“ಈಗ ನೀವು ಟೈಪ ಮಾಡ್ರಿ. ನಾ ಪರದಿ ನೋಡಂಗಿಲ್ಲ, ನಿಮ್ಮ ಕೈ ನೋಡ್ತೀನಿ” ಅಂದು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತರು.

ನನ್ನ ಕೈಯನ್ನು ಯಾರಾದರೂ ಹೀಗೆ ನೆಟ್ಟಗೆ ನೋಡಿ ಎಷ್ಟು ಕಾಲವಾಯಿತೋ. ಮೊದಲ ಸಾಲಿನಲ್ಲೇ ನಾಲ್ಕು ತಪ್ಪು ಮಾಡಿದೆ, ಅವು ಗೀಟಿನವಲ್ಲ, ನನ್ನವು. ಆಮೇಲೆ ಕೈ ತನ್ನ ಪಾಡಿಗೆ ಓಡತೊಡಗಿತು. ಟಣ್.

“ತಡೀರಿ! ಕೈ ಹಂಗ ಇಡ್ರಿ.”

ಬಗ್ಗಿ ನೋಡಿದರು. ಆಮೇಲೆ ಕಿವಿ ಕೆಂಪಗೆ ಮಾಡಿಕೊಂಡು ಮಾಲಕರ ಕಡೆ ತಿರುಗಿದರು.

“ಬಳಿರಿ, ಅಣ್ಣಾರ.”

“ಏನು?”

“ಇವರ ಬಳಿ. ಕೆಳಗ ಕೈಬಟ್ಟು ಆಡಸೂ ಚೌಕ ಐತಲ್ರಿ, ಟಚ್‌ಪ್ಯಾಡು, ಟೈಪ ಮಾಡುವಾಗ ಬಳಿ ಜಾರಿ ಅದರ ಮ್ಯಾಲ ಕೂಡ್ತಾವು. ಮೌಸು ಹಾಕಿದ್ರೂ ಅದು ಎಚ್ಚರ ಇರತೈತ್ರಿ. ಬಳಿ ತಾಕಿದ್ರ ಕೈಬಟ್ಟಿಲೆ ಒತ್ತಿದಂಗ. ಬಾಣದ ಗುರುತು ಎಲ್ಲಿರತೈತೋ ಗೀಟು ಅಲ್ಲಿಗೆ ಹೋಗತೈತಿ.”

ಮಾಲಕರು ನಂಬಲಿಲ್ಲ. ಗವಿಸಿದ್ದೇಶ ಚಹಾದ ಚಮಚ ತಗೊಂಡು ಅದರ ಬೆನ್ನನ್ನು ಆ ಚೌಕದ ಮೇಲೆ ಆಡಿಸಿದರು. ಪರದೆಯ ಮೇಲೆ ಬಾಣ ಓಡಾಡಿತು. ಚಮಚ ಸುಮ್ಮನೆ ಅದರ ಮೇಲೆ ಇಟ್ಟು ಕೈ ತೆಗೆದರು. ಬಾಣ ನಿಂತಿತು. “ಗಾಜಿನವಿದ್ರ ಹಿಂಗ ಆಗ್ತಿದ್ದಿಲ್ರಿ. ಮೈಗೆ ಹತ್ತಿದ ಲೋಹ ಅಂದ್ರ ಅದಕ್ಕ ಕೈಬಟ್ಟ ಇದ್ದಂಗ.”

ಹದಿನಾರನೇ ತಾರೀಖು ಕರವಸ್ತ್ರ ಕಟ್ಟಿದ್ದು ಆಗ ನೆನಪಾಯಿತು. ಯಾವಾಗಿಂದ ಅಂತ ಅವರು ಕೇಳಿದ್ದೂ ನೆನಪಾಯಿತು. ಇಷ್ಟು ದಿನ ಮೌಸು, ಧೂಳು, ವೈರಸ್ಸು, ಎಲ್ಲದರ ಮೇಲೂ ತಪ್ಪು ಹೊರಿಸಿದೆವು, ಪಾಪ ನಿಂಬೆಹಣ್ಣೂ ದಂಡವಾಯಿತು. ಮುಖ ಮುಚ್ಚಿಕೊಂಡು ನಕ್ಕೆ. ಎಲ್ಲರೂ ನಕ್ಕರು.

“ಹೋತಲ್ಲ ಪೀಡಾ! ಬಳಿ ತೆಗೆದಿಡವ್ವ, ಮುಗೀತು” ಅಂದರು ಮಾಲಕರು.

ಗವಿಸಿದ್ದೇಶ, “ಅದನ್ನ ಬಂದ್ ಮಾಡಾಕ ಬರತೈತ್ರಿ. ಆದ್ರ ಆ ಸಾಫ್ಟವೇರು ಫಾರ್ಮ್ಯಾಟಿನ್ಯಾಗ ಹೋಗೈತಿ. ಇಲ್ಲಿ ನೆಟ್ಟಿನ್ಯಾಗ ಇಳಸಾಕ ಆಗಂಗಿಲ್ಲ, ಕೊಪ್ಪಳದಿಂದ ಗುರುವಾರ ಸೀಡಿ ತರ್ತೀನಿ” ಅಂದರು.

“ಗುರುವಾರ ತನಕ ಯಾರು ಕಾಯ್ತಾರ? ಬುಧವಾರ ಕಾರ್ಡ ಹೋಗಬೇಕು. ನಾಳೆ ಬಸವ ಜಯಂತಿ ಇದ್ರೂ ಬಾಗಲಾ ತೆಗಿತೀನಿ. ಯಮನವ್ವ, ನಾಳೆ ಬರಿಗೈಲೆ ಬಾ. ಎರಡ ದಿನದ ಮಾತು.”

“ನೋಡ್ತೀನ್ರಿ” ಅಂದೆ.

ಮನೆಗೆ ಬಂದು 'ನೋಡುತ್ತಾ' ಕೂತಿದ್ದೇನೆ. ಸೋಪು ಪಕ್ಕದಲ್ಲೇ ಇದೆ. ಎರಡೇ ದಿನ. ಎಂಟು ವರ್ಷ ಅನ್ನ ಕೊಟ್ಟ ಮನುಷ್ಯ ಕೇಳಿದ್ದು ಎಷ್ಟು ಸಣ್ಣ ಮಾತು. ತೆಗೆದು ಡಬ್ಬಿಯಲ್ಲಿಟ್ಟು, ಗುರುವಾರ ಮತ್ತೆ ಹಾಕಿಕೊಂಡರೆ ಯಾರಿಗೆ ಏನು ನಷ್ಟ?

ಶರಣಪ್ಪ ಹೋದ ಮೂರನೆಯ ದಿನ ನನ್ನನ್ನು ಕೂರಿಸಿ ಕಲ್ಲಿನಿಂದ ಬಳೆ ಒಡೆದರು. ಹಸಿರು ಗಾಜಿನವು, ಕೈಗೆ ಹನ್ನೆರಡು. ನನಗೆ ಇಪ್ಪತ್ತೇಳು ವರ್ಷ. ಕೈ ಹಿಡಿದಿದ್ದವರು ನಾಲ್ಕು ಜನ, ನಾನು ಎಳೆದುಕೊಳ್ಳುತ್ತಿದ್ದೆ ಅಂತ. ಒಂದು ಚೂರು ಹೊಕ್ಕು ರಕ್ತ ಬಂತು. ಗಂಡ ಹೋದ ದುಃಖವೇ ಬೆಟ್ಟದಷ್ಟು ಇರುವಾಗ ಬಳೆಗಾಗಿ ಅಳುತ್ತಿದ್ದೇನಲ್ಲ ಅಂತ ನಾಚಿಕೆಯಾಗಿತ್ತು. ಈಗ ನಾಚಿಕೆ ಇಲ್ಲ. ಆವತ್ತು ನನಗೆ ಬಳೆ ಬೇಕಿತ್ತು. ಇವತ್ತೂ ಬೇಕು. ಹೊಟ್ಟೆಪಾಡೂ ಬೇಕು.

ಸೋಪನ್ನು ಬಚ್ಚಲಿಗೆ ಇಟ್ಟು ಬಂದೆ.

೨೪ ಏಪ್ರಿಲ್, ಮಂಗಳವಾರ. ಬಸವ ಜಯಂತಿ

ಎಂಟಕ್ಕೇ ಹೋದೆ. ಮಾಲಕರ ಕಣ್ಣು ನೇರ ಕೈಗೇ ಹೋಯಿತು.

“ತೆಗೀಲಿಲ್ಲಲ್ಲ? ಬರವಲ್ಲವೇನು? ಮರ್ದಾನಸಾಬ, ಎಣ್ಣಿ ಕೊಡು.”

“ಬರತಾವ್ರಿ ಅಣ್ಣಾರ. ನಾ ತೆಗ್ಯಾಂಗಿಲ್ರಿ.”

“ಎರಡ ದಿನದ ಮಾತವ್ವ! ಹೇಳೀನಲ್ಲ.”

“ನಮ್ಮವರು ಹೋದಾಗ ಬಳಿ ಒಡದ್ರಲ್ರಿ, ಆವತ್ತು ಯಾರೂ ನನ್ನ ಕೇಳಲಿಲ್ಲ. ಇವತ್ತು ನೀವು ಕೇಳೀರಿ. ಅದಕ್ಕ ಹೇಳಾಕತ್ತೀನಿ. ಒಲ್ಲೆ.”

ಹೇಳುವಾಗ ಕಣ್ಣಲ್ಲಿ ನೀರು ಬಂತು, ಆದರೆ ಮಾತು ಮುಗಿಸಿದೆ. ಮಷೀನು ನಿಂತಿತ್ತು. ಮಾಲಕರು ನನ್ನನ್ನು ನೋಡಿದರು, ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದರು. ನಾನು ಅವರ ಉತ್ತರಕ್ಕೆ ಕಾಯಲಿಲ್ಲ. ಕತ್ತರಿ ಹುಡುಕಲು ಹೋದೆ.

ರಾತ್ರಿ ಒಂದು ಯೋಚನೆ ಬಂದಿತ್ತು. ಬಳೆ ತಾಕಿದರೆ ತಾನೇ ತೊಂದರೆ? ತಾಕದ ಹಾಗೆ ಮಾಡಿದರೆ? ಕತ್ತರಿಸಿ ಉಳಿದ ದಪ್ಪ ಕಾರ್ಡಿನ ಚೂರು ತಗೊಂಡು, ಆ ಚೌಕದ ಅಳತೆಗೆ ಕತ್ತರಿಸಿ ಟೇಪು ಹಚ್ಚಿದೆ. ಚಮಚದಿಂದ ಆಡಿಸಿ ನೋಡಿದೆ. ಬಾಣ ಸ್ವಲ್ಪ ಅಲುಗಿತು. ಎರಡು ಪದರ ಮಾಡಿದೆ, ಸಾಲದು. ಕಾಕಾ ಬಂದು ಇನ್ನೆರಡು ಚೂರು ಕತ್ತರಿಸಿ ಕೊಟ್ಟರು. ನಾಲ್ಕು ಪದರಕ್ಕೆ ಟಚ್‌ಪ್ಯಾಡು ಕುರುಡಾಯಿತು.

ಕೂತು ನೂರಾ ಹದಿನಾಲ್ಕು ಹೆಸರು ಹೊಡೆದೆ. ಬಳೆ ರಟ್ಟಿನ ಮೇಲೆ ಟಕಟಕ ಬಡಿದವು, ಗೀಟು ಅಲ್ಲಾಡಲಿಲ್ಲ. ಪ್ರೂಫಿಗೆ ಹೊನ್ನೂರಪ್ಪನವರೇ ಬಂದಿದ್ದರು. ತಮ್ಮ ಹೆಸರು ಸೋದರಮಾವಂದಿರ ಸಾಲಿನಲ್ಲಿ ಕಂಡು ಅಲ್ಲೇ ಕೈಮುಗಿದರು. ಆಮೇಲೆ ಮಾಲಕರು, ಕಾಕಾ, ನಾನು ಮೂವರೂ ಒಂದೊಂದು ಸಲ ಗಟ್ಟಿಯಾಗಿ ಓದಿದೆವು, ವರನಿಂದ ಶುರು ಮಾಡಿ.

ಹೊರಡುವಾಗ ಮಾಲಕರು, “ಇಷ್ಟು ಬಾಯಿ ಇಟ್ಟುಕೊಂಡು ಎಂಟು ವರ್ಷ ಹೆಂಗ ಸುಮ್ನಿದ್ದಿಯವ್ವಾ ನೀನು?” ಅಂದರು. ನಾನೇನು ಬದಲಾಗಿದ್ದೇನೆ, ನಾನು ಮೊದಲಿನಿಂದಲೂ ಹೀಗೇ.

೨೬ ಏಪ್ರಿಲ್, ಗುರುವಾರ

ಕಾರ್ಡು ನಿನ್ನೆಯೇ ಹೋದವು. ಯಾರೂ ಯಾರನ್ನೂ ತಪ್ಪಾಗಿ ಮದುವೆಯಾಗಿಲ್ಲ.

ಗವಿಸಿದ್ದೇಶ ಸೀಡಿ ತಂದರು. ರಟ್ಟನ್ನು ಬೆರಳಿನಿಂದ ತಟ್ಟಿ ನೋಡಿದರು. “ಇದು ನನ್ನ ತಲಿಗೆ ಯಾಕ ಹೊಳಿಲಿಲ್ಲ?” ಅಂದು ಅದನ್ನು ಹುಷಾರಾಗಿ ಬಿಡಿಸಿ ತಮ್ಮ ಚೀಲದಲ್ಲಿ ಇಟ್ಟುಕೊಂಡರು. ರಟ್ಟಿನ ಚೂರು ಅವರಿಗೆ ಯಾಕೆ ಬೇಕೋ. ಸೀಡಿ ಹಾಕಿದ ಮೇಲೆ, ಮೌಸು ಚುಚ್ಚಿದರೆ ಟಚ್‌ಪ್ಯಾಡು ತಾನೇ ಬಂದ್ ಆಗುವ ಹಾಗೆ ಒಂದು ಗುರುತು ಇತ್ತು, ಅದನ್ನು ಒತ್ತುವುದು ಹೇಗೆ ಅಂತ ತೋರಿಸಿದರು. ನಾನೇ ಒತ್ತಿದೆ. ಮುಂದಿನ ವಾರವೂ ಒಮ್ಮೆ ಬಂದು ನೋಡಿ ಹೋಗುತ್ತಾರಂತೆ. ಕೆಟ್ಟಿಲ್ಲವಲ್ಲ ಅಂದೆ. ಇರಲಿ ಅಂದರು. ಇರಲಿ.

ಸಂಜೆ ಅತ್ತೆ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದರು. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ, ಹುಲಿಗಿಯಿಂದ ಹಿಡಿದು ಚಮಚದ ತನಕ, ಕುರ್ಚಿ ಹೋಗುವುದರಲ್ಲಿತ್ತು ಅನ್ನುವುದನ್ನೂ. ಹೊನ್ನೂರಪ್ಪನ ಸುದ್ದಿಗೆ ನಕ್ಕು ನಕ್ಕು ಅವರಿಗೆ ಕೆಮ್ಮು ಬಂತು. ಒಲ್ಲೆ ಅಂದ ಸುದ್ದಿಗೆ ನಗಲಿಲ್ಲ.

“ಬೈತೀರೇನ್ರಿ ಅತ್ತಿ?” ಅಂದೆ.

“ಯಾಕ ಬೈಲಿ?”

“ಮತ್ತ ಇಷ್ಟ ದಿನ ಕೈ ನೋಡ್ತಿದ್ದಿರಲ್ರಿ.”

ಅತ್ತೆ ಸುಲಿಯುವುದು ನಿಲ್ಲಿಸಿದರು. “ನಿಮ್ಮ ಮಾವ ಸತ್ತಾಗ ನನಗ ಮೂವತ್ತೊಂದು. ಶರಣಪ್ಪ ಇನ್ನಾ ಮೊಲಿ ಬಿಟ್ಟಿದ್ದಿಲ್ಲ. ನನ್ನೂ ಯಾರು ಕೇಳಿದ್ರು?” ಸೆರಗಿನ ಮೇಲಿನ ಸಿಪ್ಪೆ ಕೊಡವಿ, “ಎರಡು ನನಗ ಕೊಡು. ಹೆಂಗ ಇರತಾವ ನೋಡೂಣು” ಅಂದರು.

ಸೋಪಿನ ನೀರು ತಂದೆ. ನನ್ನ ಎಡಗೈಯವು ಎರಡೂ ಒಂದೇ ಎಳೆತಕ್ಕೆ ಬಂದವು. ಅವರ ಕೈಯ ಗೆಣ್ಣು ಬಿರುಸು, ಏರಿಸಲು ಬಹಳ ಹೊತ್ತು ಹಿಡಿಯಿತು. ನೋವಾಯಿತೇನು ಅಂದರೆ ಇಲ್ಲ ಅಂದರು. ಏರಿದ ಮೇಲೆ ಕೈ ಮುಂದೆ ಚಾಚಿ, ತಿರುಗಿಸಿ, ಬೇರೆ ಯಾರದೋ ಕೈ ಅನ್ನುವ ಹಾಗೆ ನೋಡಿದರು. ಆಮೇಲೆ ಶೇಂಗಾ ಬುಟ್ಟಿ ಹತ್ತಿರಕ್ಕೆ ಎಳೆದುಕೊಂಡರು.

“ಭಾಳ ಸಪ್ಪಳ ಮಾಡ್ತಾವ ಇವು” ಅಂದರು.

ಕತ್ತಲಾಗುವ ತನಕ ಸುಲಿದರು. ತೆಗೆಯಲಿಲ್ಲ.